ತಪ್ಪು ಮಾಡಿದ ಗಂಗಾ ಏಕೆ ಇಷ್ಟವಾಗುತ್ತಾಳೆ?

ಟಿ.ವಿ.ಯಲ್ಲಿ ‘ಆಪ್ತಮಿತ್ರ’ ಬರುತ್ತದೆಂದರೆ ಸಾಕು, ಬೆಟಗೇರಿಯ ನೇಕಾರರ ಓಣಿಯಲ್ಲಾಗಲಿ, ಮುಂಡರಗಿ ಕಡೆಯ ಹಳ್ಳಿಗಳಲ್ಲಾಗಲಿ ಊಟದ ತಾಟು ಹಿಡಿದುಕೊಂಡೇ ಮಂದಿ ಪಡಸಾಲೆಗೆ ಬಂದು ಕೂಡುವುದುಂಟು. ಕಥೆ ಎಲ್ಲರಿಗೂ ಬಾಯಿಪಾಠ. ಬಾಗಿಲು ಯಾವಾಗ ತೆರೆಯುತ್ತದೆ, ಗೆಜ್ಜೆಯ ಸಪ್ಪಳ ಯಾವಾಗ ಕೇಳುತ್ತದೆ, ಗಂಗಾ ಮಂಚವನ್ನು ಯಾವಾಗ ಎತ್ತುತ್ತಾಳೆ ಎಂಬುದೆಲ್ಲ ಗೊತ್ತು. ಆದರೂ ಆ ಗಳಿಗೆ ಬಂದಾಗ ಸಣ್ಣ ಮಕ್ಕಳು ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಅಂಜಿಕೆಯ ಸಿನಿಮಾದ ಸುಖವೇ ಅಂಥದ್ದು.

ಇದರಲ್ಲಿ ಒಂದು ಸೋಜಿಗವಿದೆ. ಮಕ್ಕಳು ಅಂಜುವುದು ಯಾರಿಗೆ? ಗಂಗಾಳಿಗೆ. ಸಿನಿಮಾ ಮುಗಿದ ಮೇಲೆ ಎಲ್ಲರೂ ಅಯ್ಯೋ ಎನ್ನುವುದು ಯಾರಿಗಾಗಿ? ಅದೇ ಗಂಗಾಳಿಗಾಗಿ. ತಪ್ಪು ಮಾಡಿದ ಪಾತ್ರವನ್ನು ನೋಡುಗರು ದ್ವೇಷಿಸದೆ ಮೆಚ್ಚುವುದು ಹೇಗೆ? ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಕೂಡಿ ವಿಚಾರ ಮಾಡಬೇಕಾದ ಪ್ರಶ್ನೆಯಿದು.

‘ಆಪ್ತಮಿತ್ರ’ ತೆರೆಗೆ ಬಂದದ್ದು 2004ರ ಆಗಸ್ಟ್ ತಿಂಗಳಲ್ಲಿ. ದ್ವಾರಕೀಶ್ ನಿರ್ಮಿಸಿದ, ಪಿ. ವಾಸು ನಿರ್ದೇಶಿಸಿದ ಈ ಚಿತ್ರದಲ್ಲಿ ಮನೋವೈದ್ಯ ವಿಜಯ್ ಆಗಿ ವಿಷ್ಣುವರ್ಧನ್, ಅವನ ಗೆಳೆಯನಾಗಿ ರಮೇಶ್ ಅರವಿಂದ್, ಗೆಳೆಯನ ಹೆಂಡತಿ ಗಂಗಾ ಆಗಿ ಸೌಂದರ್ಯ ನಟಿಸಿದ್ದಾರೆ. ಇದಕ್ಕೆ ಮೂಲ 1993ರ ಮಲಯಾಳಂ ಚಿತ್ರ ‘ಮಣಿಚಿತ್ರತಾಳ್’. ಮಧು ಮುಟ್ಟಂ ಬರೆದ ಆ ಕಥೆಯನ್ನು ಫಾಜಿಲ್ ನಿರ್ದೇಶಿಸಿದ್ದರು. ಅದರ ನಾಯಕಿ ಶೋಭನಾ ರಾಷ್ಟ್ರಪ್ರಶಸ್ತಿ ಪಡೆದರು. ಮುಂದೆ ಇದೇ ಕಥೆ ತಮಿಳಿನಲ್ಲಿ ‘ಚಂದ್ರಮುಖಿ’ (2005), ಹಿಂದಿಯಲ್ಲಿ ‘ಭೂಲ್ ಭುಲಯ್ಯಾ’ (2007) ಆಯಿತು.

ಕನ್ನಡದ ಪ್ರೇಕ್ಷಕರ ಮಟ್ಟಿಗೆ ಇನ್ನೊಂದು ನೋವೂ ಈ ಚಿತ್ರಕ್ಕೆ ಅಂಟಿಕೊಂಡಿದೆ. ಕೋಲಾರ ಜಿಲ್ಲೆಯ ಮುಳಬಾಗಿಲು ಮೂಲದ ಸೌಂದರ್ಯ ವೈದ್ಯಕೀಯ ಓದನ್ನು ನಡುವೆ ಬಿಟ್ಟು ಸಿನಿಮಾಕ್ಕೆ ಬಂದವರು. ಗಿರೀಶ್ ಕಾಸರವಳ್ಳಿಯವರ ‘ದ್ವೀಪ’ ಚಿತ್ರವನ್ನು ನಿರ್ಮಿಸಿ, ಅದರಲ್ಲಿ ನಟಿಸಿದವರು. 2004ರ ಏಪ್ರಿಲ್ 17ರಂದು ಬೆಂಗಳೂರಿನಲ್ಲಿ ನಡೆದ ಸಣ್ಣ ವಿಮಾನದ ಅಪಘಾತದಲ್ಲಿ ತೀರಿಕೊಂಡರು. ಚಿತ್ರ ತೆರೆಗೆ ಬಂದಾಗ ಗಂಗಾಳ ಪಾತ್ರ ಮಾಡಿದಾಕೆ ಈ ಲೋಕದಲ್ಲಿರಲಿಲ್ಲ.

ಗಂಗಾಳ ತಪ್ಪುಗಳೇನು?

ತಪ್ಪುಗಳ ಪಟ್ಟಿ ಸಣ್ಣದಲ್ಲ. ಹಳೆಯ ಬಂಗಲೆಯ ಮುಚ್ಚಿದ ಕೋಣೆಯನ್ನು ತೆರೆಯಬಾರದೆಂದು ಹಿರಿಯರು ಹೇಳಿದ್ದರು. ಗಂಗಾ ತೆರೆಸುತ್ತಾಳೆ. ಒಳಗಿದ್ದ ನರ್ತಕಿ ನಾಗವಲ್ಲಿಯ ಚಿತ್ರ, ಒಡವೆ, ಅವಳ ದಾರುಣ ಕಥೆ ಗಂಗಾಳ ಮನಸ್ಸನ್ನು ಹಿಡಿದುಬಿಡುತ್ತವೆ. ಮನೆಯಲ್ಲಿ ವಿಚಿತ್ರ ಘಟನೆಗಳು ಶುರುವಾಗುತ್ತವೆ. ಸಂಶಯ ಹೋಗುವುದು ಮಾತ್ರ ಸೌಮ್ಯ ಎಂಬ ಬೇರೆ ಹೆಣ್ಣುಮಗಳ ಮೇಲೆ. ಕೊನೆಗೆ ಗಂಗಾಳಿಂದ ಸ್ವಂತ ಗಂಡನ ಪ್ರಾಣಕ್ಕೇ ಕುತ್ತು ಬರುತ್ತದೆ.

ಇಷ್ಟಾದರೂ ಅವಳನ್ನು ಯಾರೂ ಕೆಟ್ಟವಳೆನ್ನುವುದಿಲ್ಲ. ಏಕೆಂದರೆ ಇವುಗಳಲ್ಲಿ ಬೇಕೆಂದೇ ಮಾಡಿದ್ದು ಒಂದೇ: ಕೋಣೆ ತೆರೆಸಿದ್ದು. ಅದೂ ಕುತೂಹಲದಿಂದ. ಉಳಿದುದೆಲ್ಲ ಅವಳ ಅರಿವಿಲ್ಲದೆ ನಡೆದದ್ದು. ತಪ್ಪು ಬೇರೆ, ರೋಗ ಬೇರೆ. ಜ್ವರ ಬಂದವನು ಬಡಬಡಿಸಿದರೆ ಅದನ್ನು ಸುಳ್ಳು ಎಂದು ಯಾರೂ ಬಯ್ಯುವುದಿಲ್ಲ. ಹಣೆಗೆ ತಣ್ಣೀರ ಪಟ್ಟಿ ಹಾಕುತ್ತಾರೆ. ಮನಸ್ಸಿನ ಜ್ವರಕ್ಕೂ ಅದೇ ನ್ಯಾಯ ಸಲ್ಲಬೇಡವೇ?

ಗಂಗಾಳಿಗೆ ಆದದ್ದಕ್ಕೆ ಬೇರು ಬಾಲ್ಯದಲ್ಲಿದೆ. ಮೂಲ ಮಲಯಾಳಂ ಚಿತ್ರದಲ್ಲಿ ಗಂಗಾಳ ತಂದೆತಾಯಿ ಇರುವುದು ದೂರದ ಕಲ್ಕತ್ತಾದಲ್ಲಿ. ಮಗು ಬೆಳೆಯುವುದು ಅಜ್ಜಿಯ ಕೈಯಲ್ಲಿ, ಅಜ್ಜಿ ಹೇಳುವ ಕಥೆಗಳ ಲೋಕದಲ್ಲಿ. ಮುಖ್ಯವಾದ ಪರೀಕ್ಷೆಯ ಹೊತ್ತಿಗೆ, ಎಲ್ಲ ಬಿಟ್ಟು ನಮ್ಮೊಡನೆ ಬಾ ಎಂದು ತಂದೆತಾಯಿ ಒಮ್ಮೆಲೇ ಕರೆಯುತ್ತಾರೆ. ಎಳೆಯ ಮನಸ್ಸು ಆಗಲೇ ಮೊದಲ ಸಲ ಹರಿಯುತ್ತದೆ. ಹಳೆಯ ಬಂಗಲೆ ಆ ಹಳೆಯ ಗಾಯವನ್ನು ಕೆದಕಿತು, ಅಷ್ಟೇ. ಮಕ್ಕಳನ್ನು ಕೇಳದೆ ಅವರ ಶಾಲೆ, ಊರು, ಕೋರ್ಸು ನಿರ್ಧರಿಸುವ ಪಾಲಕರು ಈ ದೃಶ್ಯವನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದು.

ವಿಜ್ಞಾನ ಏನು ಹೇಳುತ್ತದೆ?

ಒಬ್ಬರೇ ವ್ಯಕ್ತಿ ಎರಡು ಬೇರೆ ವ್ಯಕ್ತಿಗಳಂತೆ ವರ್ತಿಸುವ ಕಾಯಿಲೆ ಇದೆ. ಆದರೆ ಅದು ಅಪರೂಪ. ಬಾಲ್ಯದಲ್ಲಿ ಅನುಭವಿಸಿದ ತೀವ್ರ ನೋವಿಗೂ ಅದಕ್ಕೂ ಸಂಬಂಧವಿರುವುದನ್ನು ವೈದ್ಯರು ಗಮನಿಸಿದ್ದಾರೆ. ಇನ್ನು ಮಂಚ ಎತ್ತುವ ಮಾತು. ಸಿಟ್ಟು ಅಥವಾ ಅಂಜಿಕೆ ಹೆಚ್ಚಿದಾಗ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ. ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ, ಸ್ನಾಯುಗಳಿಗೆ ರಕ್ತ ಹೆಚ್ಚು ಹರಿಯುತ್ತದೆ, ಬಲ ಕೊಂಚ ಹೆಚ್ಚುತ್ತದೆ. ಹಿಡಿಯಲು ಇಬ್ಬರು ಬೇಕಾದರು ಎಂದ ಮಾತ್ರಕ್ಕೆ ಅದು ದೆವ್ವವಲ್ಲ.

ಸಿನಿಮಾದಲ್ಲಿಯೂ ಕುಂದುಗಳಿವೆ. ಒಂದೇ ರಾತ್ರಿಯಲ್ಲಿ ಗಂಗಾ ಗುಣವಾಗುವುದು ತೆರೆಯ ಮೇಲೆ ಮಾತ್ರ ಸಾಧ್ಯ. ನಿಜದಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮಾತುಕತೆಯ ಚಿಕಿತ್ಸೆ ಬೇಕು. ಮನೋರೋಗಿಗಳೆಲ್ಲ ಅಪಾಯಕಾರಿಗಳು ಎಂಬ ಭಾವನೆಯೂ ಮೂಡಬಾರದು. ಅವರು ಇತರರಿಗೆ ಕೇಡು ಮಾಡುವುದಕ್ಕಿಂತ ಇತರರಿಂದ ಕೇಡು ಅನುಭವಿಸುವುದೇ ಹೆಚ್ಚು.

ಗುಡಿಯೂ ಇರಲಿ, ದವಾಖಾನೆಯೂ ಇರಲಿ

ನಮ್ಮ ಭಾಗದಲ್ಲಿ ಹುಡುಗಿಯೊಬ್ಬಳು ಊಟ ಬಿಟ್ಟು ಮೂಲೆ ಹಿಡಿದು ಕುಳಿತರೆ, ಒಬ್ಬಳೇ ಮಾತಾಡಿಕೊಂಡರೆ ಓಣಿಯಲ್ಲಿ ಮೊದಲು ಹುಟ್ಟುವ ಮಾತು ಒಂದೇ: “ಗಾಳಿ ಆಗೇತಿ, ಯಾರಿಗಾರ ತೋರಸ್ರಿ.” ತಾಯತ, ಅಂಗಾರ, ಅಮವಾಸ್ಯೆಯ ಪೂಜೆ ಎನ್ನುತ್ತ ತಿಂಗಳುಗಳು ಹೋಗುತ್ತವೆ. ಪರೀಕ್ಷೆ ತಪ್ಪುತ್ತದೆ, ಶಾಲೆಯೂ ಬಿಡುತ್ತದೆ. ಇಂಥ ಮನೆಯಲ್ಲಿ ವಿಜಯ್‌ನಂಥ ಆಪ್ತಮಿತ್ರ ಇರುವುದಿಲ್ಲ. ಮಗಳ ಲಗ್ನ ನಿಂತೀತು ಎಂಬ ಅಂಜಿಕೆಗೆ ದವಾಖಾನೆಯ ದಾರಿಯನ್ನೂ ಹಿಡಿಯುವುದಿಲ್ಲ.

ಶಿರಹಟ್ಟಿಯ ಫಕೀರೇಶ್ವರ ಮಠಕ್ಕೋ ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಗೋ ಹೋಗಿ ಕೈಮುಗಿಯುವುದರಲ್ಲಿ ತಪ್ಪೇನೂ ಇಲ್ಲ. ಮನಸ್ಸಿಗೆ ಧೈರ್ಯ ಬರುತ್ತದೆ. ಆದರೆ ಅಲ್ಲಿಗೇ ನಿಲ್ಲಬಾರದು. ಸಿನಿಮಾದಲ್ಲಿಯೂ ಆಚಾರ್ಯರು ವೈದ್ಯನ ಮಾತು ಕೇಳಿ ಅವನಿಗೆ ನೆರವಾಗುತ್ತಾರೆ. ಗಂಗಾಳೊಳಗಿನ ಸೇಡು ಮನುಷ್ಯನ ಬದಲು ಗೊಂಬೆಯ ಮೇಲೆ ತೀರುವಂತೆ ಇಬ್ಬರೂ ಕೂಡಿ ಉಪಾಯ ಮಾಡುತ್ತಾರೆ. ಅವಳಿಗೆ ಯಾರೂ ಬೆತ್ತದಿಂದ ಹೊಡೆಯುವುದಿಲ್ಲ, ಸರಪಳಿ ಬಿಗಿಯುವುದಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಹಾಗೆ ಮಾಡುವುದನ್ನು ಕರ್ನಾಟಕದ 2017ರ ಕಾನೂನು ಅಪರಾಧವೆಂದು ಸಾರಿದೆ. ಅದು 2020ರಿಂದ ಜಾರಿಯಲ್ಲಿದೆ.

ದಾರಿಗಳೂ ದೂರವಿಲ್ಲ. 1845ರಲ್ಲಿ ಆರಂಭವಾದ ಧಾರವಾಡದ ಮಾನಸಿಕ ಆಸ್ಪತ್ರೆ ಇಂದು ಡಿಮ್ಹಾನ್ಸ್ ಎಂಬ ಸಂಸ್ಥೆಯಾಗಿದೆ. ಗದಗಿನಲ್ಲಿಯೇ ಸರಕಾರಿ ವೈದ್ಯಕೀಯ ಕಾಲೇಜಿದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸೇವೆಯ 14416 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ, ಕನ್ನಡದಲ್ಲಿಯೇ ಮಾತಾಡಬಹುದು. ಹಣ ಕೊಡಬೇಕಾಗಿಲ್ಲ. ಪರೀಕ್ಷೆಯ ಅಂಜಿಕೆ, ನಿದ್ದೆ ಬಾರದಿರುವುದು, ಬದುಕೇ ಬೇಡವೆನಿಸುವುದು, ಯಾವುದನ್ನೂ ಹೇಳಿಕೊಳ್ಳಬಹುದು.

ಮುಂದಿನ ಸಲ ‘ಆಪ್ತಮಿತ್ರ’ ಬಂದಾಗ ಮಕ್ಕಳನ್ನು ಒಳಗೆ ಅಟ್ಟಬೇಡಿ. ಕೂಡಿಯೇ ನೋಡಿರಿ. ಮುಗಿದ ಮೇಲೆ ಸಣ್ಣ ಮಗು ಕೇಳೀತು: “ಯವ್ವಾ, ದೆವ್ವ ಹೋತನು?” ಆಗ ತಾಯಿ ಹೇಳಬೇಕಾದ ಉತ್ತರ ಇಷ್ಟೇ: “ದೆವ್ವ ಬಂದಿದ್ದಿಲ್ಲವ್ವಾ, ಆಕಿಗೆ ಆರಾಮ ಇದ್ದಿದ್ದಿಲ್ಲ. ಈಗ ಆರಾಮ ಆತು.” ಈ ಮಾತು ಕೇಳಿ ಬೆಳೆದ ಮಗು, ನಾಳೆ ತನಗೇ ಮನಸ್ಸು ನೆಟ್ಟಗಿಲ್ಲ ಎನಿಸಿದ ದಿನ, ಮುಚ್ಚಿಡದೆ ಅವ್ವನ ಬಳಿ ಬಂದು ಹೇಳುತ್ತದೆ.