ಟೈಮಿಂಗ್ ಚೈನ್ ಮತ್ತು ಎರಡು ಸೆಕೆಂಡಿನ ಸದ್ದು

ಸೈಕಲ್ಲಿನ ಚೈನ್ ಸಡಿಲವಾದರೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಹೊಂಡಕ್ಕೆ ಇಳಿದಾಗ ಕಳಚಿಕೊಳ್ಳುತ್ತದೆ. ನಾವು ಇಳಿದು, ಕೈ ಕಪ್ಪು ಮಾಡಿಕೊಂಡು, ಮತ್ತೆ ಏರಿಸಿ ಹೊರಡುತ್ತೇವೆ. ಕಾರಿನ ಎಂಜಿನ್ನಿನೊಳಗೂ ಅಂಥದ್ದೇ ಒಂದು ಚೈನ್ ಇದೆ. ಅದರ ಹೆಸರು ಟೈಮಿಂಗ್ ಚೈನ್. ಅದು ಸಡಿಲವಾಗಿ ಕೆಲವು ಹಲ್ಲು ಜಾರಿದರೆ ಮಾತ್ರ ಇಳಿದು ಏರಿಸಿ ಹೊರಡುವ ಹಾಗಿಲ್ಲ. ಅನೇಕ ಎಂಜಿನ್ನುಗಳಲ್ಲಿ ಆಗ ಪಿಸ್ಟನ್ ಮೇಲೆ ಬಂದು ವಾಲ್ವುಗಳಿಗೆ ಬಡಿಯುತ್ತದೆ, ವಾಲ್ವುಗಳು ಬಾಗುತ್ತವೆ, ಎಂಜಿನ್ ಬಿಚ್ಚದೆ ಬೇರೆ ದಾರಿ ಇರುವುದಿಲ್ಲ. ಆ ಚೈನನ್ನು ಸದಾ ಬಿಗಿಯಾಗಿ ಹಿಡಿದಿಡುವ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಭಾಗವೇ ಟೆನ್ಷನರ್. ಕಳೆದ ರಜೆಯಲ್ಲಿ ನಮ್ಮ ಮನೆಯ ಅಂಗಳದಲ್ಲೇ ಅದನ್ನು ಬದಲಿಸಿದೆವು. ಆ ಕೆಲಸದಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪ್ರಥಮ ಪಿಯುಸಿಯ ಭೌತಶಾಸ್ತ್ರ ಪುಸ್ತಕದ ಎರಡು ಮೂರು ಪಾಠಗಳು ಒಂದೇ ದಿನದಲ್ಲಿ ಕಣ್ಣೆದುರು ಬಂದವು.

ಚೈನಿಗೆ ಏನು ಕೆಲಸ?

ಪೆಟ್ರೋಲ್ ಎಂಜಿನ್ ನಾಲ್ಕು ಹಂತಗಳಲ್ಲಿ ಕೆಲಸ ಮಾಡುತ್ತದೆ: ಗಾಳಿ ಮತ್ತು ಇಂಧನವನ್ನು ಎಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊಗೆಯನ್ನು ಹೊರಹಾಕುವುದು. ಈ ನಾಲ್ಕು ಹಂತ ಮುಗಿಯಲು ಕೆಳಗಿರುವ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗಬೇಕು. ಆದರೆ ಒಂದೊಂದು ವಾಲ್ವ್ ತೆರೆಯುವುದು ಈ ಎರಡು ಸುತ್ತಿನಲ್ಲಿ ಒಂದೇ ಸಲ. ಆದ್ದರಿಂದ ವಾಲ್ವುಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗಬೇಕು. ಕ್ಯಾಮಿನ ಹಲ್ಲುಚಕ್ರದಲ್ಲಿ ಕ್ರ್ಯಾಂಕಿನ ಚಕ್ರದ ಎರಡರಷ್ಟು ಹಲ್ಲುಗಳಿರುವುದು ಇದಕ್ಕಾಗಿ. ಇವೆರಡನ್ನೂ ಜೋಡಿಸುವುದು ಟೈಮಿಂಗ್ ಚೈನ್.

ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಒಂದೊಂದು ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಪಿಸ್ಟನ್ ಮೇಲೆ ಬರುವಷ್ಟರಲ್ಲಿ ವಾಲ್ವ್ ಹಿಂದೆ ಸರಿದಿರಬೇಕು. ಉದಾಹರಣೆಗೆ, ಕ್ಯಾಮ್ ಚಕ್ರದಲ್ಲಿ 36 ಹಲ್ಲುಗಳಿವೆ ಎಂದುಕೊಳ್ಳಿ. ಚೈನ್ ಒಂದು ಹಲ್ಲು ಜಾರಿದರೆ ಕ್ಯಾಮ್ 10 ಡಿಗ್ರಿ ತಪ್ಪುತ್ತದೆ. ಕ್ರ್ಯಾಂಕಿನ ಲೆಕ್ಕದಲ್ಲಿ ಅದು 20 ಡಿಗ್ರಿ. ಅಷ್ಟಕ್ಕೇ ಎಂಜಿನ್ ಶಕ್ತಿ ಕಳೆದುಕೊಂಡು ನಡುಗತೊಡಗುತ್ತದೆ. ಇನ್ನೂ ಕೆಲವು ಹಲ್ಲು ಜಾರಿದರೆ ಡಿಕ್ಕಿ.

ಎಲ್ಲ ಕಾರುಗಳಲ್ಲೂ ಚೈನ್ ಇರುವುದಿಲ್ಲ. ನಮ್ಮ ರಸ್ತೆಗಳಲ್ಲಿ ವರ್ಷಗಟ್ಟಲೆ ಓಡಿದ ಮಾರುತಿ 800ರಲ್ಲಿದ್ದುದು ರಬ್ಬರಿನ ಟೈಮಿಂಗ್ ಬೆಲ್ಟ್. ಅದೇ ಕಂಪನಿಯ ಕೆ-ಸೀರೀಸ್ ಎಂಜಿನ್ನುಗಳಲ್ಲಿ ಚೈನ್ ಇದೆ. ಬೆಲ್ಟನ್ನು ಇಂತಿಷ್ಟು ಕಿಲೋಮೀಟರಿಗೆ ಬದಲಿಸಲೇಬೇಕು ಎಂದು ಕೈಪಿಡಿಯಲ್ಲಿ ಬರೆದಿರುತ್ತಾರೆ. ಚೈನಿಗೆ ಸಾಮಾನ್ಯವಾಗಿ ಅಂಥ ಗಡುವಿಲ್ಲ. ಹಾಗಾಗಿ ಅದು ಶಾಶ್ವತ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ.

ಚೈನ್ ಉದ್ದವಾಗುವುದು ಹೇಗೆ?

ಚೈನ್ ಎಳೆದು ಎಳೆದು ರಬ್ಬರಿನಂತೆ ಹಿಗ್ಗುತ್ತದೆ ಎಂದು ಗ್ಯಾರೇಜಿನಲ್ಲಿ ಹೇಳುವುದುಂಟು. ನಿಜವಾಗಿ ಹಿಗ್ಗುವುದು ಉಕ್ಕಲ್ಲ. ಪ್ರತಿ ಕೊಂಡಿಯ ಪಿನ್ನು ಮತ್ತು ಅದು ಕೂರುವ ತೂತು ಉಜ್ಜಿ ಸವೆಯುತ್ತವೆ. 120 ಕೊಂಡಿಗಳ ಚೈನಿನಲ್ಲಿ ಪ್ರತಿ ಕೊಂಡಿ 0.02 ಮಿಲಿಮೀಟರ್ ಸವೆದರೆ ಒಟ್ಟು ಉದ್ದ 2.4 ಮಿಲಿಮೀಟರ್ ಹೆಚ್ಚುತ್ತದೆ. ಒಂದೊಂದಾಗಿ ಕಣ್ಣಿಗೆ ಕಾಣದ ಸವೆತ ಒಟ್ಟಾದಾಗ ಸಡಿಲವಾಗಿ ಕಾಣಿಸಿಕೊಳ್ಳುತ್ತದೆ.

ಈ ಸಡಿಲವನ್ನು ತುಂಬಿಕೊಡುವುದು ಟೆನ್ಷನರಿನ ಕೆಲಸ. ಕ್ರ್ಯಾಂಕ್ ಎಳೆಯುವ ಬದಿಯಲ್ಲಿ ಚೈನ್ ತಾನಾಗಿಯೇ ಬಿಗಿಯಾಗಿರುತ್ತದೆ. ಇನ್ನೊಂದು ಬದಿ ಸಡಿಲ. ಆ ಬದಿಯಲ್ಲಿ ಬಿಲ್ಲಿನಂತೆ ಬಾಗಿದ ಒಂದು ಪಟ್ಟಿ ಚೈನಿಗೆ ಒರಗಿರುತ್ತದೆ. ಟೆನ್ಷನರಿನ ಪ್ಲಂಜರ್ ಆ ಪಟ್ಟಿಯನ್ನು ಹಿಂದಿನಿಂದ ಒತ್ತುತ್ತದೆ.

ಪ್ಲಂಜರನ್ನು ಹೊರಗೆ ತಳ್ಳುವುದು ಎರಡು ಬಲಗಳು: ಒಳಗಿನ ಸ್ಪ್ರಿಂಗ್ ಮತ್ತು ಎಂಜಿನ್ ಆಯಿಲಿನ ಒತ್ತಡ. ಆಯಿಲ್ ಪಂಪಿನಿಂದ ಬಂದ ಆಯಿಲ್ ಒಂದು ಚಿಕ್ಕ ಏಕಮುಖ ಕವಾಟದ ಮೂಲಕ ಒಳಗೆ ಬರುತ್ತದೆ, ಬಂದ ದಾರಿಯಲ್ಲಿ ಹಿಂದೆ ಹೋಗಲಾರದು. ದ್ರವವನ್ನು ಕುಗ್ಗಿಸುವುದು ಬಹಳ ಕಷ್ಟ ಎಂದು ಓದಿದ್ದೇವಲ್ಲ, ಅದೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಚೈನ್ ಎಷ್ಟು ಬಡಿದರೂ ಪ್ಲಂಜರ್ ಸುಲಭವಾಗಿ ಹಿಂದೆ ಸರಿಯುವುದಿಲ್ಲ. ಎಂಜಿನ್ ನಿಂತಾಗ ಆಯಿಲಿನ ಒತ್ತಡ ಇರುವುದಿಲ್ಲ. ಆಗ ಪ್ಲಂಜರ್ ಒಳಗೆ ಹೋಗದಂತೆ ತಡೆಯಲು ಹಲವು ಟೆನ್ಷನರುಗಳಲ್ಲಿ ಹಲ್ಲುಗಳ ಪಟ್ಟಿ ಮತ್ತು ಅದಕ್ಕೆ ಸಿಕ್ಕಿಕೊಳ್ಳುವ ಒಂದು ಕೊಕ್ಕೆ ಇರುತ್ತದೆ. ಇದಕ್ಕೆ ರ್ಯಾಚೆಟ್ ಎನ್ನುತ್ತಾರೆ.

ಸದ್ದು ಬರುವುದು ಯಾವಾಗ?

ರಾತ್ರಿಯಿಡೀ ನಿಂತ ಕಾರಿನ ಟೆನ್ಷನರಿನಿಂದ ಆಯಿಲ್ ನಿಧಾನವಾಗಿ ಇಳಿದುಹೋಗುತ್ತದೆ. ರ್ಯಾಚೆಟ್ಟಿನ ಹಲ್ಲು ಸವೆದಿದ್ದರೆ ಪ್ಲಂಜರ್ ಹಿಂದೆ ಸರಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲಿನ ಒತ್ತಡ ಏರುವ ತನಕ ಚೈನ್ ಸಡಿಲವಾಗಿದ್ದು ಒಳಗಿನ ಗೋಡೆಗೆ ಬಡಿಯುತ್ತದೆ. ತಗಡಿನ ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದಂತೆ ಸದ್ದು. ಎರಡು ಸೆಕೆಂಡಿನಲ್ಲಿ ಆಯಿಲ್ ತುಂಬಿ ಸದ್ದು ನಿಲ್ಲುತ್ತದೆ. ನಿಂತಿತಲ್ಲ ಎಂದು ನಾವೂ ಹೊರಟುಬಿಡುತ್ತೇವೆ. ಅಪಾಯ ಇರುವುದು ಇಲ್ಲಿಯೇ. ದಿನವಿಡೀ ಸದ್ದು ಮಾಡುವ ರೋಗವನ್ನು ಯಾರಾದರೂ ಗಮನಿಸುತ್ತಾರೆ, ಎರಡೇ ಸೆಕೆಂಡ್ ಕೇಳಿಸಿ ಸುಮ್ಮನಾಗುವುದನ್ನು ಗಮನಿಸುವವರು ಕಡಿಮೆ.

ನಮ್ಮದು ಸೆಕೆಂಡ್ ಹ್ಯಾಂಡ್ ಕಾರು. ಹಿಂದಿನವರು ಆಯಿಲ್ ಯಾವಾಗ ಯಾವಾಗ ಬದಲಿಸಿದ್ದರು ಎಂಬುದಕ್ಕೆ ದಾಖಲೆ ಇಲ್ಲ. ಅಬ್ಬ ಅದರಲ್ಲೇ ಬಟ್ಟೆಯ ಗಂಟುಗಳನ್ನು ತುಂಬಿಕೊಂಡು ವಾರಕ್ಕೆ ನಾಲ್ಕು ಸಂತೆಗೆ ಹೋಗುತ್ತಾರೆ. ಕಾರು ನಿಂತರೆ ಸಂತೆ ನಿಲ್ಲುತ್ತದೆ. ಬೆಳಗಿನ ಸದ್ದನ್ನು ಮೊದಲು ಗುರುತಿಸಿದವರು ನಮ್ಮ ಮಾಮ. ಅವರು ದಮ್ಮಾಮಿನ ಗ್ಯಾರೇಜೊಂದರಲ್ಲಿ ಬಹಳ ವರ್ಷ ಕೆಲಸ ಮಾಡಿ ಬಂದವರು. ಆದರೂ ಅವರು ತಕ್ಷಣ ಸ್ಪ್ಯಾನರ್ ಹಿಡಿಯಲಿಲ್ಲ. ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲಿನ ಮಟ್ಟ ನೋಡಿದರು. ಆಯಿಲ್ ಕಡಿಮೆಯಿದ್ದರೂ, ಬೇರೆ ದಪ್ಪದ ಆಯಿಲ್ ಹಾಕಿದ್ದರೂ ಇದೇ ಸದ್ದು ಬರಬಹುದು. ನಮ್ಮದರಲ್ಲಿ ಮಟ್ಟ ಸರಿಯಿತ್ತು. ಆಮೇಲೆ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಆಲಿಸಿದರು. ಘನವಸ್ತುವಿನಲ್ಲಿ ಶಬ್ದ ಚೆನ್ನಾಗಿ ಹರಿಯುತ್ತದೆ. ತಿರುಗುವ ಬೆಲ್ಟು ಮತ್ತು ಫ್ಯಾನಿನಿಂದ ದೂರ ನಿಂತೇ ಇದನ್ನು ಮಾಡಬೇಕು. ಸದ್ದು ಚೈನಿನ ಬದಿಯಿಂದ ಬರುತ್ತಿತ್ತು. ಟೆನ್ಷನರಿನ ಸುತ್ತ ಆಯಿಲ್ ಜಿನುಗಿ ಧೂಳು ಅಂಟಿಕೊಂಡಿತ್ತು. ಅದರ ರಬ್ಬರ್ ರಿಂಗ್ ಗಟ್ಟಿಯಾಗಿಬಿಟ್ಟಿದೆ ಎಂಬುದಕ್ಕೆ ಅದೇ ಸಾಕ್ಷಿ.

ಬದಲಿಸಿದ ಕ್ರಮ

ಎಲ್ಲ ಎಂಜಿನ್ನುಗಳಲ್ಲೂ ಈ ಕೆಲಸವನ್ನು ಮನೆಯಲ್ಲಿ ಮಾಡಲಾಗದು. ಹಲವು ಕಾರುಗಳಲ್ಲಿ ಟೆನ್ಷನರ್ ಮುಂದಿನ ದೊಡ್ಡ ಮುಚ್ಚಳದ ಒಳಗಿರುತ್ತದೆ. ಅದಕ್ಕೆ ಕೈ ಹಾಕಲು ಎಂಜಿನ್ ಮೌಂಟ್, ಕ್ರ್ಯಾಂಕ್ ಪುಲ್ಲಿ ಎಲ್ಲವನ್ನೂ ಬಿಚ್ಚಬೇಕು. ನಮ್ಮ ಕಾರಿನಲ್ಲಿ ಅದು ಹೊರಗಿನಿಂದಲೇ ಎರಡು ನಟ್ಟುಗಳಲ್ಲಿ ನಿಂತಿರುವ ಬಗೆಯದು. ಮಾಮ ಒಪ್ಪಿಕೊಂಡದ್ದು ಈ ಕಾರಣಕ್ಕೆ ಮಾತ್ರ.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಭಾನುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಮೊದಲು ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆವು. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿದೆವು. ಮುಂದಿನ ಬದಿಯನ್ನು ಜಾಕಿನಿಂದ ಎತ್ತಿ, ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಒಂದು ಚಕ್ರ ತೆಗೆದೆವು. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಕೈಯನ್ನೂ ಹಾಕಬಾರದು. ಈ ಇಡೀ ಕೆಲಸದಲ್ಲಿ ಪ್ರಾಣಕ್ಕೆ ಅಪಾಯ ಇರುವುದು ಅಲ್ಲಿಯೇ.

ಮೇಲಿನ ವಾಲ್ವ್ ಕವರ್ ಮತ್ತು ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ತೂತುಗಳಿಗೆ ಶುದ್ಧ ಬಟ್ಟೆ ಮುಚ್ಚಿದೆವು. ಪ್ಲಗ್ ತೆಗೆದರೆ ಸಿಲಿಂಡರಿನಲ್ಲಿ ಗಾಳಿ ಒತ್ತುವುದಿಲ್ಲ, ಎಂಜಿನ್ನನ್ನು ಕೈಯಿಂದ ತಿರುಗಿಸುವುದು ಸುಲಭ. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಗಡಿಯಾರದ ದಿಕ್ಕಿನಲ್ಲಿ ತಿರುಗಿಸುತ್ತಾ, ಒಂದನೇ ಸಿಲಿಂಡರಿನ ಪಿಸ್ಟನ್ ತುತ್ತತುದಿಗೆ ಬಂದು, ಪುಲ್ಲಿ ಮತ್ತು ಎರಡೂ ಕ್ಯಾಮ್ ಚಕ್ರಗಳ ಗುರುತುಗಳು ಕೂಡಿದಾಗ ನಿಲ್ಲಿಸಿದೆವು. ನಾನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ಇಲ್ಲಿಂದ ಮುಂದೆ ಹೊಸ ಟೆನ್ಷನರ್ ಕೂರುವ ತನಕ ಕ್ರ್ಯಾಂಕನ್ನು ಒಂದು ಕೂದಲೆಳೆಯಷ್ಟೂ ತಿರುಗಿಸಬಾರದು. ಬಿಗಿ ತಪ್ಪಿದ ಚೈನ್ ಹಲ್ಲು ಜಾರುವುದು ಆಗಲೇ.

ಎರಡು ನಟ್ಟು ಬಿಚ್ಚಿದಾಗ ಹಳೆಯ ಟೆನ್ಷನರ್ ಹೊರಬಂತು. ಇಡೀ ಕೆಲಸದ ತೀರ್ಮಾನ ಆಗುವುದು ಈ ಹಂತದಲ್ಲಿ. ಪ್ಲಂಜರ್ ಎಷ್ಟು ಹೊರಗೆ ಬಂದಿದೆ ನೋಡಬೇಕು. ಪೂರ್ತಿ ಹೊರಗೆ ಬಂದಿದ್ದರೆ ಚೈನೇ ಮಿತಿಮೀರಿ ಸವೆದಿದೆ ಎಂದರ್ಥ. ಆಗ ಹೊಸ ಟೆನ್ಷನರ್ ಹಾಕಿದರೆ ರೋಗ ಮುಚ್ಚಿಟ್ಟಂತೆ. ಚೈನ್, ಒರಗುವ ಪಟ್ಟಿಗಳು, ಹಲ್ಲುಚಕ್ರಗಳು ಎಲ್ಲವನ್ನೂ ಬದಲಿಸಬೇಕು. "ಹಾಗೇನಾದರೂ ಇದ್ದರೆ ಇದನ್ನೇ ಮತ್ತೆ ಕೂರಿಸಿ, ಕಾರನ್ನು ಎಳೆಸಿಕೊಂಡು ಗ್ಯಾರೇಜಿಗೆ ಹೋಗೋದು. ನಾನು ಅಂಗಳದಲ್ಲಿ ಎಂಜಿನ್ ಬಿಚ್ಚೋದಿಲ್ಲ" ಎಂದು ಮಾಮ ಅಬ್ಬನಿಗೆ ಮೊದಲೇ ಹೇಳಿಟ್ಟಿದ್ದರು. ಅಬ್ಬ ಹತ್ತಿರ ಬಂದು ನಿಂತರು. ಪ್ಲಂಜರ್ ಅರ್ಧದಷ್ಟೂ ಹೊರಗೆ ಬಂದಿರಲಿಲ್ಲ. ಆದರೆ ಹೆಬ್ಬೆರಳಿನಿಂದ ಒತ್ತಿದರೆ ಕೊಕ್ಕೆ ತಡೆಯದೆ ಒಳಗೆ ಜಾರುತ್ತಿತ್ತು. ಚೈನ್ ಬಾಳುವಂತಿತ್ತು, ಕೆಟ್ಟದ್ದು ಟೆನ್ಷನರ್ ಮಾತ್ರ.

ಹೊಸದರ ಪ್ಲಂಜರನ್ನು ಒಳಗೆ ಒತ್ತಿ, ಅದರ ಮೇಲಿನ ಪಿನ್ನಿಗೆ ಚಿಕ್ಕ ಕೊಂಡಿಯೊಂದನ್ನು ಸಿಕ್ಕಿಸಿ, ಹೊಸ ರಬ್ಬರ್ ರಿಂಗಿಗೆ ಆಯಿಲ್ ಸವರಿ ಕೂರಿಸಿದೆವು. ನಮ್ಮ ಎಂಜಿನ್ನಿನ ಕೈಪಿಡಿಯ ಪ್ರಕಾರ ಆ ನಟ್ಟುಗಳಿಗೆ ಕೊಡಬೇಕಾದ ಬಿಗಿ 9 ನ್ಯೂಟನ್ ಮೀಟರ್. ಟಾರ್ಕ್ ಎಂದರೆ ಬಲ ಮತ್ತು ದೂರದ ಗುಣಲಬ್ಧ. 18 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನ ತುದಿಯಲ್ಲಿ 50 ನ್ಯೂಟನ್, ಅಂದರೆ ಸುಮಾರು 5 ಕಿಲೋ ತೂಕ ನೇತುಹಾಕಿದಷ್ಟು ಮಾತ್ರ. ನಮ್ಮ ಕೈ ಸಹಜವಾಗಿ ಅದಕ್ಕಿಂತ ಹೆಚ್ಚು ಒತ್ತುತ್ತದೆ, ಅಲ್ಯೂಮಿನಿಯಮ್ ಎಂಜಿನ್ನಿನ ಮರೆ ಕಿತ್ತುಬರುತ್ತದೆ. ಅದಕ್ಕೇ ಟಾರ್ಕ್ ರೆಂಚ್ ಬೇಕು.

ಕೂರಿಸಿದರಷ್ಟೇ ಸಾಲದು, ಪ್ಲಂಜರನ್ನು ಬಿಡುಗಡೆ ಮಾಡಬೇಕು. ನಮ್ಮ ಎಂಜಿನ್ನಿನಲ್ಲಿ ಅದಕ್ಕೊಂದು ಜಾಣ ಉಪಾಯವಿದೆ. ಕ್ರ್ಯಾಂಕನ್ನು ಸ್ವಲ್ಪವೇ ಹಿಂದಕ್ಕೆ ತಿರುಗಿಸಿದರೆ ಚೈನ್ ಬಿಗಿಯಾಗಿ ಪಟ್ಟಿಯನ್ನು ಒತ್ತುತ್ತದೆ, ಪಟ್ಟಿ ಪ್ಲಂಜರನ್ನು ಒತ್ತುತ್ತದೆ, ಕೊಂಡಿ ಪಿನ್ನಿನಿಂದ ಕಳಚಿಕೊಳ್ಳುತ್ತದೆ. ಮತ್ತೆ ಮುಂದಕ್ಕೆ ತಿರುಗಿಸಿದಾಗ ಪ್ಲಂಜರ್ ಚಿಮ್ಮಿ ಬಂದು ಚೈನನ್ನು ಹಿಡಿಯುತ್ತದೆ. ಬೇರೆ ಎಂಜಿನ್ನುಗಳಲ್ಲಿ ಹಿಂದಕ್ಕೆ ತಿರುಗಿಸಲೇಬಾರದು ಎಂದಿರಬಹುದು. ಆಯಾ ಕಾರಿನ ಕೈಪಿಡಿಯ ಮಾತೇ ಅಂತಿಮ.

ಕೊನೆಯ ಪರೀಕ್ಷೆ: ಕೈಯಿಂದಲೇ ಎರಡು ಪೂರ್ತಿ ಸುತ್ತು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ನಿಲ್ಲಿಸಬೇಕು, ಪಿಸ್ಟನ್ನಿಗೆ ವಾಲ್ವ್ ತಾಗಿರಬಹುದು. ನಮಗೆ ತಡೆಯಲಿಲ್ಲ. ಎರಡು ಸುತ್ತಿನ ನಂತರ ಗುರುತುಗಳು ಫೋಟೊದಲ್ಲಿದ್ದಂತೆಯೇ ಬಂದು ನಿಂತವು. ಮುಚ್ಚಳಗಳನ್ನು ಹಾಕಿ, ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸಿ ಮುಗಿಸುವಾಗ ಅಸರ್ ಹೊತ್ತಾಗಿತ್ತು. ಮೊದಲ ಸ್ಟಾರ್ಟಿನಲ್ಲಿ ಹೊಸ ಟೆನ್ಷನರಿಗೆ ಆಯಿಲ್ ತುಂಬುವ ತನಕ ಒಂದು ಕ್ಷಣ ಸದ್ದು ಬಂತು, ಅದು ಸಹಜ. ಮರುದಿನ ಬೆಳಿಗ್ಗೆ ಸದ್ದಿರಲಿಲ್ಲ. ಅಬ್ಬ ಸಂತೆಗೆ ಹೋದರು.

ನೀವು ಮಾಡಬಹುದಾದದ್ದು

ಇದನ್ನು ಓದಿ ನಾಳೆಯೇ ಯಾರೂ ಎಂಜಿನ್ ಬಿಚ್ಚಬೇಕಿಲ್ಲ. ಅನುಭವಿಗಳು ಪಕ್ಕದಲ್ಲಿಲ್ಲದಿದ್ದರೆ ಬಿಚ್ಚಲೂ ಬಾರದು. ಆದರೆ ಮೂರು ಕೆಲಸ ಯಾರು ಬೇಕಾದರೂ ಮಾಡಬಹುದು. ಒಂದು, ನಿಮ್ಮ ಮನೆಯ ಕಾರಿನಲ್ಲಿರುವುದು ಬೆಲ್ಟೋ ಚೈನೋ ಎಂದು ಕೈಪಿಡಿಯಲ್ಲಿ ನೋಡಿ. ಬೆಲ್ಟ್ ಆಗಿದ್ದರೆ ಅದರ ಗಡುವು ಮುಗಿದಿದೆಯೇ ಲೆಕ್ಕಹಾಕಿ. ಎರಡು, ಕೈಪಿಡಿ ಹೇಳಿದ ದರ್ಜೆಯ ಆಯಿಲನ್ನೇ ಸಮಯಕ್ಕೆ ಸರಿಯಾಗಿ ಹಾಕಿಸಿ, ದಿನಾಂಕವನ್ನೂ ಕಿಲೋಮೀಟರನ್ನೂ ಬರೆದಿಡಿ. ಆಯಿಲ್ ಕೊಳೆಯಾದರೆ ಚೈನಿನ ಪಿನ್ನೂ ಸವೆಯುತ್ತದೆ, ಟೆನ್ಷನರಿನ ಕಿರಿದಾದ ದಾರಿಯೂ ಕಟ್ಟಿಕೊಳ್ಳುತ್ತದೆ. ತೆಗೆದ ಹಳೆಯ ಆಯಿಲನ್ನು ಚರಂಡಿಗೆ ಸುರಿಯದೆ ಡಬ್ಬದಲ್ಲಿ ತುಂಬಿ, ಅದನ್ನು ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ಮೂರು, ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ರೇಡಿಯೋ ಹಾಕುವ ಮೊದಲು ಎರಡು ಸೆಕೆಂಡ್ ಕಿವಿಗೊಡಿ. ಬೈಕ್ ಇದ್ದವರಿಗೂ ಈ ಮಾತು ಅನ್ವಯಿಸುತ್ತದೆ. ನಾಲ್ಕು ಹಂತದ ಬಹುಪಾಲು ಬೈಕುಗಳ ಎಂಜಿನ್ನಿನಲ್ಲೂ ಇಂಥದ್ದೇ ಚೈನ್, ಇಂಥದ್ದೇ ಟೆನ್ಷನರ್ ಇದೆ.

ಸದ್ದು ಕೇಳಿಸಿದರೆ ಮೊದಲು ಡಿಪ್‌ಸ್ಟಿಕ್ ನೋಡಿ. ಆಯಿಲ್ ಸರಿಯಿದ್ದೂ ಸದ್ದು ಮುಂದುವರಿದರೆ ಆ ವಾರವೇ ಮೆಕ್ಯಾನಿಕ್ ಬಳಿ ಹೋಗಿ, ಕಾರನ್ನು ಹಿಂದಿನ ರಾತ್ರಿಯೇ ಅಲ್ಲಿ ಬಿಟ್ಟು ಬನ್ನಿ. ತಣ್ಣಗಿದ್ದಾಗ ಮಾತ್ರ ಬರುವ ಸದ್ದನ್ನು ಬಿಸಿ ಎಂಜಿನ್ ತೋರಿಸುವುದಿಲ್ಲ.