ಧಕ್ಕೆಗೆ ಬರುವ ಹಡಗು, ದಡಕ್ಕೆ ಬಾರದ ಹಡಗು

ಬೆಳಗಿನ ಏಳು ಗಂಟೆ. ಕೆರಿಬಿಯನ್ ಸಮುದ್ರದ ಗ್ರ್ಯಾಂಡ್ ಕೇಮನ್ ದ್ವೀಪ. ಅದರ ಪಡುವಣ ದಂಡೆಯ ಮೇಲಿರುವ ಪುಟ್ಟ ರಾಜಧಾನಿ ಜಾರ್ಜ್‌ಟೌನ್. ದಡದಲ್ಲಿ ನಿಂತು ನೋಡಿದರೆ ಎದುರಿಗೆ ಮೂರು, ಕೆಲವು ದಿನ ನಾಲ್ಕು, ಹದಿನೈದು ಮಹಡಿಯ ಕಟ್ಟಡಗಳಂಥ ಹಡಗುಗಳು ಸಾಲಾಗಿ ನಿಂತಿರುತ್ತವೆ. ಕೂಗಿದರೆ ಕೇಳಿಸೀತೇನೋ ಎನ್ನುವಷ್ಟು ಹತ್ತಿರ. ಆದರೂ ಅವು ದಡವನ್ನು ಮುಟ್ಟುವುದಿಲ್ಲ. ಹಡಗಿನ ಹೊಟ್ಟೆಯ ಬಳಿ ಒಂದು ಬಾಗಿಲು ತೆರೆಯುತ್ತದೆ. ದೋಣಿಯೊಂದು ಬಂದು ಅಂಟಿಕೊಳ್ಳುತ್ತದೆ. ಜನ ಒಬ್ಬೊಬ್ಬರಾಗಿ ಕೈಹಿಡಿದು ದಾಟಿ ಕೂರುತ್ತಾರೆ. ದೋಣಿ ತುಂಬಿದ ಮೇಲೆ ದಡಕ್ಕೆ. ಇಳಿಸಿ ಮತ್ತೆ ಹಡಗಿಗೆ. ಮಧ್ಯಾಹ್ನ ಇದೇ ಆಟ ತಿರುಗುಮುರುಗಾಗಿ ನಡೆಯುತ್ತದೆ.

ಈ ದೋಣಿಗೆ ಅಲ್ಲಿನ ಹೆಸರು 'ಟೆಂಡರ್'. ನಮಗೆ ಟೆಂಡರ್ ಎಂದರೆ ನೆನಪಾಗುವುದು ಲೋಕೋಪಯೋಗಿ ಇಲಾಖೆ, ಗುತ್ತಿಗೆದಾರರು, ಮುಚ್ಚಿದ ಲಕೋಟೆ. ಇದು ಆ ಟೆಂಡರ್ ಅಲ್ಲ. ದೊಡ್ಡ ಹಡಗಿನ ಬೇಕುಬೇಡ ನೋಡಿಕೊಳ್ಳುವ, ಅದರ ಚಾಕರಿಯ ದೋಣಿ ಎಂಬ ಅರ್ಥದಲ್ಲಿ ನಾವಿಕರು ಇಟ್ಟ ಹೆಸರು.

ಅಲ್ಲಿಂದ ಪಶ್ಚಿಮಕ್ಕೆ ಸಾಗಿದರೆ ಮೆಕ್ಸಿಕೋ ದೇಶದ ಕೊಸುಮೆಲ್ ದ್ವೀಪ. ಇಲ್ಲಿ ದೋಣಿಯ ಗೊಡವೆಯಿಲ್ಲ. ಸಮುದ್ರದೊಳಕ್ಕೆ ಚಾಚಿಕೊಂಡ ಉದ್ದನೆಯ ಕಟ್ಟೆಗಳಿವೆ. ಮಂಗಳೂರಿನವರು 'ಧಕ್ಕೆ' ಎನ್ನುವುದು ಇದಕ್ಕೇ. ಹಡಗು ಬಂದು ಧಕ್ಕೆಯ ಮಗ್ಗುಲಿಗೆ ನಿಲ್ಲುತ್ತದೆ, ಹಗ್ಗ ಬಿಗಿಯುತ್ತಾರೆ, ಏಣಿಸೇತುವೆ ಹಾಕುತ್ತಾರೆ, ಜನ ನಡೆದೇ ಊರು ಸೇರುತ್ತಾರೆ.

ಒಂದೇ ಸಮುದ್ರ, ಒಂದೇ ಬಗೆಯ ಹಡಗುಗಳು. ಹಾಗಿದ್ದರೆ ಒಂದು ಊರಿಗೆ ಧಕ್ಕೆ, ಇನ್ನೊಂದಕ್ಕೆ ದೋಣಿ ಏಕೆ? ಎರಡರಲ್ಲಿ ಯಾವುದು ಮೇಲು? ಕೇಮನ್ ದ್ವೀಪದ ಜನ ಈ ಪ್ರಶ್ನೆಯ ಮೇಲೆ ಸಹಿ ಸಂಗ್ರಹಿಸಿದ್ದಾರೆ, ನ್ಯಾಯಾಲಯಕ್ಕೆ ಹೋಗಿದ್ದಾರೆ, ಕೊನೆಗೆ ಮತವನ್ನೂ ಹಾಕಿದ್ದಾರೆ.

ಹಡಗು ಧಕ್ಕೆಗೆ ಬರುವ ಬಗೆ

ಮುನ್ನೂರು ಮೀಟರ್ ಉದ್ದದ ಹಡಗನ್ನು ಕಟ್ಟೆಗೆ ತಂದು ನಿಲ್ಲಿಸುವುದು ಬಸ್ಸನ್ನು ನಿಲ್ದಾಣಕ್ಕೆ ತಂದಷ್ಟು ಸುಲಭವಲ್ಲ. ಬಂದರಿನ ಆಳ ಅಗಲ ಬಲ್ಲ ಸ್ಥಳೀಯ ಪೈಲಟ್ ಒಬ್ಬ ಸಣ್ಣ ದೋಣಿಯಲ್ಲಿ ಬಂದು ಹಡಗು ಹತ್ತಿ ಕಪ್ತಾನನಿಗೆ ದಾರಿ ಹೇಳುತ್ತಾನೆ. ಹಡಗಿನ ಮೂತಿಯಲ್ಲಿ ಅಡ್ಡಡ್ಡಲಾಗಿ ನೀರು ತಳ್ಳುವ ಪಂಖಗಳಿರುತ್ತವೆ. ಅವುಗಳ ಬಲದಿಂದ ಹಡಗು ಏಡಿಯ ಹಾಗೆ ಮಗ್ಗುಲಿಗೆ ಸರಿಯುತ್ತದೆ. ಕಟ್ಟೆಗೆ ತಾಗುವಾಗ ಪೆಟ್ಟು ಬೀಳದಂತೆ ದಪ್ಪ ರಬ್ಬರ್ ಮೆತ್ತೆಗಳು. ಆಮೇಲೆ ಮುಂದೆ, ಹಿಂದೆ, ನಡುವೆ ಹಗ್ಗಗಳು. ಕೆಲವು ಹಗ್ಗಗಳನ್ನು ಓರೆಯಾಗಿ ಕಟ್ಟಿರುತ್ತಾರೆ. ಹಡಗು ಮುಂದಕ್ಕಾಗಲಿ ಹಿಂದಕ್ಕಾಗಲಿ ಜಾರದಂತೆ ಹಿಡಿಯುವುದು ಇವುಗಳ ಕೆಲಸ.

ಈ ಹಡಗುಗಳ ದೊಡ್ಡ ಶತ್ರು ಗಾಳಿ. ಪಿಯುಸಿ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ನೀರಿನ ಮೇಲೆ ಕಾಣುವ ಹಡಗಿನ ಮಗ್ಗುಲು ಹತ್ತು ಸಾವಿರ ಚದರ ಮೀಟರ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಅದರ ಮೇಲೆ ನೇರ ಬೀಸಿದರೆ, ಒರಟು ಲೆಕ್ಕದಲ್ಲಿ 60 ಟನ್ ತೂಕದಷ್ಟು ಬಲ ಹಡಗನ್ನು ತಳ್ಳುತ್ತದೆ. ಗಾಳಿ 15 ಮೀಟರ್‌ಗೆ ಏರಿದರೆ? ವೇಗ ಒಂದೂವರೆ ಪಟ್ಟು ಹೆಚ್ಚಿತು. ಬಲ ಮಾತ್ರ ಎರಡೂಕಾಲು ಪಟ್ಟು, ಅಂದರೆ ಸುಮಾರು 135 ಟನ್. ಗಾಳಿಯ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬ ಪಾಠ ಇಲ್ಲಿ ಕಪ್ತಾನನ ನಿದ್ದೆ ಕೆಡಿಸುತ್ತದೆ. ಧಕ್ಕೆ ಇರುವ ಊರುಗಳಲ್ಲೂ ಗಾಳಿ ಜೋರಾದ ದಿನ ಹಡಗು ಮುಖ ತಿರುಗಿಸಿ ಹೊರಟುಹೋಗುವುದುಂಟು.

ಕೆರಿಬಿಯನ್ನಿನಲ್ಲಿ ಒಂದು ಅನುಕೂಲವಿದೆ. ಅಲ್ಲಿ ಭರತ ಇಳಿತಗಳ ಅಂತರ ಬಹಳ ಕಡಿಮೆ. ಹೆಚ್ಚಿನ ಕಡೆ ಅರ್ಧ ಮೀಟರ್ ಒಳಗೇ. ಹಾಗಾಗಿ ಕಟ್ಟೆಗೆ ಕಟ್ಟಿದ ಹಡಗು ದಿನವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇರುತ್ತದೆ.

ದೋಣಿಯ ಗಣಿತ

ಈಗ ಇನ್ನೊಂದು ಲೆಕ್ಕ. ಹಡಗಿನಿಂದ 3,000 ಜನ ಇಳಿಯಬೇಕು. ಒಂದು ದೋಣಿಗೆ 150 ಜನ. ತುಂಬಲು ಹತ್ತು ನಿಮಿಷ, ಹೋಗಲು ಹತ್ತು, ಇಳಿಸಲು ಹತ್ತು, ಮರಳಲು ಹತ್ತು. ಒಟ್ಟು 20 ಸಲ ಹೋಗಬೇಕು. ನಾಲ್ಕು ದೋಣಿಗಳಿದ್ದರೆ ಒಂದೊಂದಕ್ಕೆ ಐದು ಸುತ್ತು. ನಾಲ್ಕು ಪೂರ್ಣ ಸುತ್ತಿಗೆ 160 ನಿಮಿಷ, ಕೊನೆಯ ಸುತ್ತಿನಲ್ಲಿ ಇಳಿಸುವವರೆಗೆ ಇನ್ನು 30. ಕೊನೆಯ ಪ್ರಯಾಣಿಕ ದಡ ಮುಟ್ಟುವ ಹೊತ್ತಿಗೆ ಮೂರು ಗಂಟೆ ಹತ್ತು ನಿಮಿಷ!

ಅದೇ ಧಕ್ಕೆಯಲ್ಲಿ ಎರಡು ಏಣಿಸೇತುವೆ ಹಾಕಿ, ಒಂದೊಂದರಲ್ಲಿ ನಿಮಿಷಕ್ಕೆ 20 ಜನ ಇಳಿದರೆ? 75 ನಿಮಿಷದಲ್ಲಿ ಹಡಗು ಖಾಲಿ.

ಹಡಗು ಊರಿನಲ್ಲಿ ನಿಲ್ಲುವುದೇ ಏಳೆಂಟು ಗಂಟೆ. ಅದರಲ್ಲಿ ಮೂರು ಗಂಟೆ ಕಾಯುವುದರಲ್ಲೇ ಕಳೆದರೆ ಪ್ರಯಾಣಿಕ ಗೊಣಗದೆ ಇರುತ್ತಾನೆಯೇ? ಆದ್ದರಿಂದ ಬ್ಯಾಂಕಿನ ಟೋಕನ್ ಹಾಗೆ ಚೀಟಿ ಕೊಟ್ಟು, ಸರದಿ ಬಂದಾಗ ಕರೆಯುತ್ತಾರೆ. ಹಡಗಿನ ಕಂಪನಿಯ ಮೂಲಕವೇ ಸುತ್ತಾಟಕ್ಕೆ ಹಣ ಕಟ್ಟಿದವರಿಗೆ ಮೊದಲ ಸರದಿ. ಇನ್ನು ಹಲವೆಡೆ ಹಡಗಿನ ಜೀವರಕ್ಷಕ ದೋಣಿಗಳೇ ಟೆಂಡರ್ ಕೆಲಸ ಮಾಡುತ್ತವೆ. ಜಾರ್ಜ್‌ಟೌನಿನಲ್ಲಿ ಹಾಗಲ್ಲ. ಅಲ್ಲಿ ಊರಿನವರದೇ ದೊಡ್ಡ ದೋಣಿಗಳಿವೆ. ಹಾಗಾಗಿ ಸುತ್ತುಗಳು ಕಡಿಮೆ, ಕೆಲಸವೂ ಊರಿನವರಿಗೇ.

ದೋಣಿಯಲ್ಲಿ ಸಮಯದ ಲೆಕ್ಕಕ್ಕೆ ಸಿಗದ ತೊಡಕೂ ಇದೆ. ಅಲೆ ಎದ್ದಾಗ ದೋಣಿ ಮೇಲೇಳುತ್ತದೆ, ಹಡಗಿನ ಮೆಟ್ಟಿಲು ಇದ್ದಲ್ಲೇ ಇರುತ್ತದೆ. ಆ ಒಂದು ಹೆಜ್ಜೆಯನ್ನು ಎಳೆಯರು ನಗುತ್ತಾ ದಾಟುತ್ತಾರೆ. ಮಂಡಿನೋವಿನ ಅಜ್ಜಿ, ಗಾಲಿಕುರ್ಚಿಯಲ್ಲಿ ಬಂದವರು ಏನು ಮಾಡಬೇಕು? ಅಲೆ ಹೆಚ್ಚಿದ ದಿನ ಸಿಬ್ಬಂದಿ 'ಕ್ಷಮಿಸಿ, ಇಂದು ಆಗದು' ಎನ್ನುತ್ತಾರೆ. ಅವರಿಗೆ ಆ ಊರು ಹಡಗಿನ ಕಟಕಟೆಯಿಂದ ಕಂಡಷ್ಟೇ.

ಕೇಮನ್‌ಗೆ ಚಳಿಗಾಲದಲ್ಲಿ ವಾಯವ್ಯದ ಗಾಳಿಯ ಕಾಟ. ಆಗ ಜಾರ್ಜ್‌ಟೌನಿನ ಎದುರು ನಿಲ್ಲಲಾಗುವುದಿಲ್ಲ. ಹಡಗುಗಳು ದ್ವೀಪವನ್ನು ಬಳಸಿಕೊಂಡು ದಕ್ಷಿಣ ದಂಡೆಯ ಸ್ಪಾಟ್ಸ್ ಎಂಬಲ್ಲಿಗೆ ಹೋಗಿ ಅಲ್ಲಿಂದ ಜನರನ್ನು ಇಳಿಸುತ್ತವೆ. ಅಲ್ಲೂ ಆಗದಿದ್ದರೆ ಮುಂದಿನ ಊರಿಗೆ ಪಯಣ. ಅಂಗಡಿ ತೆರೆದು ಕೂತವರಿಗೆ, ಟ್ಯಾಕ್ಸಿಯವರಿಗೆ ಆ ದಿನದ ದುಡಿಮೆ ಇಲ್ಲ.

ಧಕ್ಕೆ ಕಟ್ಟಿದರೇನು ತೊಂದರೆ?

ಇಷ್ಟೆಲ್ಲ ಕಷ್ಟವಿದ್ದರೆ ಧಕ್ಕೆ ಕಟ್ಟಿಬಿಡಬಾರದೇ ಎಂದು ನೀವು ಕೇಳಬಹುದು. ಉತ್ತರ ನೀರಿನ ಕೆಳಗಿದೆ.

ಗ್ರ್ಯಾಂಡ್ ಕೇಮನ್‌ನಲ್ಲಿ ನದಿಗಳಿಲ್ಲ. ನದಿಯಿಲ್ಲದ್ದರಿಂದ ಸಮುದ್ರಕ್ಕೆ ಕೆಸರು ಹರಿದು ಬರುವುದಿಲ್ಲ. ನೀರು ಗಾಜಿನಷ್ಟು ತಿಳಿ. ದಡದಿಂದ ಸ್ವಲ್ಪ ದೂರದವರೆಗೆ ಆಳವಿಲ್ಲದ ನೆಲ, ಅದರ ತುಂಬ ಹವಳದ ದಿಬ್ಬಗಳು. ಆಮೇಲೆ ನೆಲ ಗೋಡೆಯ ಹಾಗೆ ಕಡಿದು ಪಾತಾಳಕ್ಕಿಳಿಯುತ್ತದೆ. ದ್ವೀಪದ ದಕ್ಷಿಣಕ್ಕಿರುವ ಕೇಮನ್ ಕಂದಕದ ಆಳ ಏಳು ಸಾವಿರ ಮೀಟರ್‌ಗೂ ಹೆಚ್ಚು.

ಹವಳ ಎಂದರೆ ಉಂಗುರಕ್ಕೆ ಹಾಕುವ ಕೆಂಪು ಹರಳು ಎಂದಷ್ಟೇ ತಿಳಿದವರು ಬಹಳ. ನಿಜಕ್ಕೂ ಅದು ಪುಟ್ಟ ಜೀವಿಗಳು ತಲೆಮಾರುಗಳಿಂದ ಸುಣ್ಣದಲ್ಲಿ ಕಟ್ಟಿಕೊಂಡ ಊರು. ಈ ಜೀವಿಗಳ ಮೈಯೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಮನೆ ಕೊಟ್ಟವರಿಗೂ ಪಾಲು ಕೊಡುತ್ತದೆ. ಧಕ್ಕೆ ಕಟ್ಟಬೇಕಾದರೆ ಹಡಗು ಬರುವಷ್ಟು ಆಳಕ್ಕೆ ಸಮುದ್ರದ ತಳವನ್ನು ಅಗೆಯಬೇಕು. ಅಗೆದಲ್ಲಿನ ಹವಳ ಹೋಯಿತು. ಎದ್ದ ಕೆಸರು ಸುತ್ತಲಿನ ನೀರನ್ನು ಕದಡಿ ಬಿಸಿಲನ್ನು ತಡೆಯಿತೆಂದರೆ ಪಕ್ಕದ ದಿಬ್ಬಕ್ಕೂ ಅನ್ನ ತಪ್ಪಿತು. ಗುಂಡುಬಂಡೆಯಂಥ ಹವಳ ವರ್ಷಕ್ಕೆ ಬೆಳೆಯುವುದು ಹೆಚ್ಚೆಂದರೆ ಒಂದು ಸೆಂಟಿಮೀಟರ್ ಆಸುಪಾಸು. ನಮ್ಮ ಎತ್ತರದ ಹವಳ ಬೆಳೆಯಲು ನೂರಾರು ವರ್ಷ ಬೇಕು.

ಜಾರ್ಜ್‌ಟೌನ್ ಬಂದರಿನಲ್ಲಿ ಮೊದಲು ಯೋಚಿಸಿದ ಧಕ್ಕೆ ಕಟ್ಟಿದರೆ ಸುಮಾರು 15 ಎಕರೆಯಷ್ಟು ಹವಳ ನಾಶವಾಗುತ್ತದೆಂದು 2015ರ ಪರಿಸರ ಅಧ್ಯಯನ ಹೇಳಿತು. ಅದೇ ನೀರಿನಲ್ಲಿ 1932ರ ಚಂಡಮಾರುತಕ್ಕೆ ಸಿಕ್ಕಿ ಮುಳುಗಿದ ಬಾಲ್ಬೋವಾ ಎಂಬ ಹಡಗಿನ ಅವಶೇಷವೂ ಇದೆ. ಅದನ್ನು ನೋಡಲೆಂದೇ ಮುಳುಗು ಹಾಕುವವರು ಬರುತ್ತಾರೆ.

ಹಾಗೆಂದು ದೋಣಿ ಪದ್ಧತಿ ಸಂಪೂರ್ಣ ನಿರಪರಾಧಿಯೂ ಅಲ್ಲ. ದೂರ ನಿಲ್ಲುವ ಹಡಗು ಲಂಗರು ಇಳಿಸಬೇಕಲ್ಲ! ದೊಡ್ಡ ಹಡಗಿನ ಲಂಗರು ಹಲವು ಟನ್ ತೂಗುತ್ತದೆ. ಅದಕ್ಕಿಂತ ಅಪಾಯಕಾರಿ ಅದರ ಸರಪಳಿ. ಗಾಳಿ ತಿರುಗಿದಂತೆ ಹಡಗೂ ತಿರುಗುತ್ತದೆ, ಸರಪಳಿ ತಳವನ್ನು ಗುಡಿಸುತ್ತದೆ. 1996ರ ಜನವರಿಯಲ್ಲಿ ಜಾರ್ಜ್‌ಟೌನ್ ಎದುರು ಪ್ರವಾಸಿ ಹಡಗೊಂದರ ಲಂಗರು ಮತ್ತು ಸರಪಳಿ ಸೋಟೋಸ್ ರೀಫ್ ಎಂಬ ಹವಳ ದಿಬ್ಬವನ್ನು ಪುಡಿಮಾಡಿತು. ಮುಳುಗುಗಾರರು ನೀರಿಗಿಳಿದು ಒಡೆದ ಹವಳದ ಚೂರುಗಳನ್ನು ಹೆಕ್ಕಿ, ಮತ್ತೆ ಬಂಡೆಗೆ ಅಂಟಿಸಿ ಉಳಿಸಲು ಹೆಣಗಿದರು.

ಅಕ್ಕಪಕ್ಕದ ಊರುಗಳ ಕಥೆ

ಎಲ್ಲ ಊರಿಗೂ ಒಂದೇ ಕಾರಣವಿಲ್ಲ. ಮಧ್ಯ ಅಮೆರಿಕದ ಬೆಲೀಜ್ ಸಿಟಿಯಲ್ಲೂ ದೋಣಿಯೇ ಗತಿ. ಅಲ್ಲಿ ದಡದ ನೀರಿಗೆ ಆಳವಿಲ್ಲ. ಹಡಗುಗಳು ಹಲವು ಕಿಲೋಮೀಟರ್ ಆಚೆ ನಿಲ್ಲಬೇಕು. ಜಮೈಕಾದ ಫಾಲ್ಮತ್ ಇನ್ನೊಂದು ದಾರಿ ಹಿಡಿಯಿತು. ಐದು ಸಾವಿರಕ್ಕೂ ಮಿಕ್ಕಿ ಪ್ರಯಾಣಿಕರ ಓಯಸಿಸ್ ವರ್ಗದ ಹಡಗುಗಳಿಗಾಗಿ ಅಲ್ಲಿ ಸಮುದ್ರ ಅಗೆದು ಧಕ್ಕೆ ಕಟ್ಟಿದರು, 2011ರಲ್ಲಿ ಅದು ತೆರೆಯಿತು. ಕೊಸುಮೆಲ್‌ಗಂತೂ ಎರಡೂ ಅನುಭವವಾಗಿದೆ. 2005ರ ಅಕ್ಟೋಬರಿನಲ್ಲಿ ವಿಲ್ಮಾ ಚಂಡಮಾರುತ ಅಲ್ಲಿನ ಪುಯೆರ್ತಾ ಮಾಯಾ ಧಕ್ಕೆಯನ್ನು ನುಚ್ಚುನೂರು ಮಾಡಿತು. ಹಡಗುಗಳು ದೋಣಿಗಳಲ್ಲಿ ಜನರನ್ನು ಇಳಿಸುವಂತಾಯಿತು. ಹೊಸ ಧಕ್ಕೆ ತೆರೆದದ್ದು 2008ರಲ್ಲಿ. ಕಾಂಕ್ರೀಟ್ ಕಟ್ಟೆಯೂ ಶಾಶ್ವತವಲ್ಲ ಎಂಬುದಕ್ಕೆ ಇದು ಸಾಕ್ಷಿ.

ನಮ್ಮ ಮಂಗಳೂರಿನ ಹಿರಿಯರಿಗೂ ಇದು ಹೊಸದಲ್ಲ. ಹಳೆ ಬಂದರಿನ ಅಳಿವೆಯ ಮರಳ ದಿಬ್ಬ ದಾಟಲಾಗದೆ ದೊಡ್ಡ ಹಡಗುಗಳು ಹೊರಗಡಲಲ್ಲೇ ನಿಲ್ಲುತ್ತಿದ್ದವು. ಸರಕು ಸಣ್ಣ ದೋಣಿಗಳಲ್ಲಿ ಬರುತ್ತಿತ್ತು. 1970ರ ದಶಕದಲ್ಲಿ ಪಣಂಬೂರಿನ ಹೊಸ ಬಂದರು ಬಂದ ಮೇಲೆ ಹಡಗು ಧಕ್ಕೆಗೇ ಬಂತು. ಇಂದು ಅಲ್ಲಿಗೆ ಬರುವ ಪ್ರವಾಸಿ ಹಡಗುಗಳೂ ಧಕ್ಕೆಗೇ ಕಟ್ಟುತ್ತವೆ. ಅಲ್ಲಿ ಅಗೆದದ್ದು ಹವಳವನ್ನಲ್ಲ, ಮರಳು ನೆಲವನ್ನು. ಆದರೂ ಅದು ಬಿಟ್ಟಿ ಬಂದದ್ದಲ್ಲ, ಬಂದರಿಗಾಗಿ ಮನೆಮಠ ಬಿಟ್ಟು ಹೋದ ಕುಟುಂಬಗಳಿವೆ.

ಜನರ ತೀರ್ಪು

ಕೇಮನ್‌ನಲ್ಲಿ ಧಕ್ಕೆ ಬೇಕೆನ್ನುವವರ ಮಾತು ಹುರುಳಿಲ್ಲದ್ದೇನಲ್ಲ. ಹೊಸ ಹಡಗುಗಳು ವರ್ಷವರ್ಷ ದೊಡ್ಡದಾಗುತ್ತಿವೆ. ಅತಿ ದೊಡ್ಡ ಹಡಗುಗಳ ಮಾಲೀಕರಿಗೆ ದೋಣಿಯ ತಾಪತ್ರಯ ಬೇಡ. ಧಕ್ಕೆ ಇರುವ ಊರನ್ನೇ ಅವರು ಆರಿಸಿಕೊಳ್ಳುತ್ತಾರೆ. 2019ರಲ್ಲಿ ಸುಮಾರು 18 ಲಕ್ಷ ಹಡಗು ಪ್ರವಾಸಿಗಳು ಈ ದ್ವೀಪಕ್ಕೆ ಬಂದಿದ್ದರು. 2024ರಲ್ಲಿ ಆ ಸಂಖ್ಯೆ ಸುಮಾರು 11 ಲಕ್ಷ. ಟ್ಯಾಕ್ಸಿ ಓಡಿಸುವವನಿಗೆ, ಟೀ ಶರ್ಟ್ ಮಾರುವವಳಿಗೆ ಈ ಅಂತರ ಮಕ್ಕಳ ಶಾಲೆಯ ಶುಲ್ಕದ ಪ್ರಶ್ನೆ.

ಬೇಡವೆನ್ನುವವರದೂ ಹೊಟ್ಟೆಪಾಡಿನ ಮಾತೇ. ಮುಳುಗು ಕಲಿಸುವವರು, ಟೆಂಡರ್ ದೋಣಿಯ ಕೆಲಸಗಾರರು ಏನು ಮಾಡಬೇಕು? ಇಷ್ಟು ಪುಟ್ಟ ನಾಡು ಇನ್ನೆಷ್ಟು ಪ್ರವಾಸಿಗಳನ್ನು ತಡೆದೀತು? ತಿಳಿನೀರು ಕದಡಿದರೆ ಪ್ರವಾಸಿ ಬರುವುದಾದರೂ ಏತಕ್ಕೆ?

ಅಲ್ಲಿನ 2009ರ ಸಂವಿಧಾನದಲ್ಲಿ ಒಂದು ಅವಕಾಶವಿದೆ. ಮತದಾರರಲ್ಲಿ ಕಾಲು ಭಾಗ ಜನ ಸಹಿ ಮಾಡಿದರೆ ಜನಮತ ಗಣನೆ ನಡೆಸಬೇಕು. ಧಕ್ಕೆಯನ್ನು ಪ್ರಶ್ನಿಸಿದವರು ಮನೆಮನೆ ತಿರುಗಿ 5 ಸಾವಿರಕ್ಕೂ ಹೆಚ್ಚು ಸಹಿ ಕೂಡಿಸಿದರು. 2019ರ ಡಿಸೆಂಬರ್ 19ಕ್ಕೆ ಮತದಾನ ಗೊತ್ತಾಯಿತು. ಅಷ್ಟರಲ್ಲಿ ವಿಷಯ ನ್ಯಾಯಾಲಯಕ್ಕೆ ಹೋಗಿ ಮತದಾನ ನಿಂತಿತು. 2020ರಲ್ಲಿ ಕೋವಿಡ್ ಬಂದು ಹಡಗುಗಳೇ ನಿಂತುಹೋದವು. ಯೋಜನೆಯನ್ನು ಸರ್ಕಾರ ಕೈಬಿಟ್ಟಿತು. ಕೊನೆಗೆ 2025ರ ಏಪ್ರಿಲ್ 30ರಂದು, ಮಹಾಚುನಾವಣೆಯ ಜೊತೆಯಲ್ಲೇ, ಹಡಗುಗಳಿಗೆ ಧಕ್ಕೆ ಬೇಕೇ ಎಂದು ಜನರನ್ನು ಕೇಳಲಾಯಿತು. ಬಹುಮತ 'ಬೇಡ' ಎಂದಿತು.

ಹಾಗಾಗಿ ಜಾರ್ಜ್‌ಟೌನಿನಲ್ಲಿ ದೋಣಿಗಳ ಓಡಾಟ ಉಳಿದುಕೊಂಡಿದೆ. ಟ್ಯಾಕ್ಸಿಯವನ ಚಿಂತೆಯೂ ಉಳಿದುಕೊಂಡಿದೆ.

ಈ ಭಾನುವಾರ ಊಟವಾದ ಮೇಲೆ ಮನೆಯಲ್ಲೇ ಒಂದು ಜನಮತ ಗಣನೆ ನಡೆಸಿ ನೋಡಿ. ಭೂಪಟ ಬಿಚ್ಚಿ ಕ್ಯೂಬಾದ ಕೆಳಗೆ ಕೇಮನ್ ದ್ವೀಪಗಳನ್ನು ಹುಡುಕಿ. ಮಕ್ಕಳು ಟ್ಯಾಕ್ಸಿಯವನ ಪರ ವಾದಿಸಲಿ, ತಂದೆತಾಯಿ ಹವಳದ ಪರ. ಅರ್ಧ ಗಂಟೆಯ ನಂತರ ಪಕ್ಷ ಬದಲಿಸಿಕೊಳ್ಳಿ. ಅಜ್ಜಿಯಿದ್ದರೆ ಅವರ ಮಂಡಿನೋವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಆಮೇಲೆ ಚೀಟಿ ಹಾಕಿ ಎಣಿಸಿ.