ತಾನಾಗಿ ಬೀಳುವ ಬ್ರೇಕ್: ರೈಲು ಚಾಲಕರ ಅಳಲಿನಲ್ಲಿರುವ ಪಾಠ

ಸರಕು ಸಕಾಲಕ್ಕೆ ತಲುಪಬೇಕೆಂಬುದು ವರ್ತಕರ ಅಪೇಕ್ಷೆ. ಸುರಕ್ಷಿತವಾಗಿ ತಲುಪಿಸುವುದು ರೈಲ್ವೆಯ ಹೊಣೆ. ಈ ಎರಡರ ನಡುವೆ ನಿಂತಿರುವವನು ಚಾಲಕ. ತಾನಾಗಿಯೇ ಬ್ರೇಕ್ ಹಾಕುವ ಸುರಕ್ಷತಾ ಸಾಧನಗಳ ಬಗ್ಗೆ ಆತನಿಗಿರುವ ಅಸಮಾಧಾನವನ್ನು ಬರಿಯ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ ಎಂಬುದಕ್ಕೆ ಬ್ರಿಟನ್ನಿನ ಅನುಭವವೇ ಸಾಕ್ಷಿ.

ಅಲ್ಲಿ 1950ರ ದಶಕದಿಂದ ಅಳವಡಿಸಲಾದ ಎಡಬ್ಲ್ಯುಎಸ್ ಎಂಬ ಎಚ್ಚರಿಕೆ ವ್ಯವಸ್ಥೆಯಲ್ಲಿ, ಸಿಗ್ನಲ್‌ಗೆ ಸುಮಾರು 180 ಮೀಟರ್ ಮೊದಲು ಹಳಿಗಳ ನಡುವೆ ಅಯಸ್ಕಾಂತವಿರುತ್ತದೆ. ಸಿಗ್ನಲ್ ಹಸಿರಾಗಿದ್ದರೆ ಗಂಟೆಯ ನಾದ, ಇಲ್ಲವಾದರೆ ಹಾರ್ನ್. ಚಾಲಕ ಕೆಲವೇ ಕ್ಷಣಗಳಲ್ಲಿ ಗುಂಡಿ ಒತ್ತದಿದ್ದರೆ ತುರ್ತು ಬ್ರೇಕ್ ಬೀಳುತ್ತದೆ, ಒತ್ತಿದರೆ ಬೀಳುವುದಿಲ್ಲ. ಹಳದಿಗೂ ಕೆಂಪಿಗೂ ಒಂದೇ ಹಾರ್ನ್. ದಟ್ಟಣೆಯ ಮಾರ್ಗದಲ್ಲಿ ಹಳದಿಯ ಮೇಲೆ ಹಳದಿ ಬರುತ್ತಿದ್ದರೆ ಗುಂಡಿ ಒತ್ತುವುದು ಕೈಗೆ ರೂಢಿಯಾಗಿಬಿಡುತ್ತದೆ.

1999ರ ಅಕ್ಟೋಬರ್ 5ರಂದು ಲಂಡನ್ನಿನ ಲ್ಯಾಡ್‌ಬ್ರೋಕ್ ಗ್ರೋವ್ ಬಳಿ ಪ್ರಯಾಣಿಕರ ರೈಲೊಂದು ಕೆಂಪು ಸಿಗ್ನಲ್ ದಾಟಿ ಎದುರಿನ ರೈಲಿಗೆ ಡಿಕ್ಕಿ ಹೊಡೆದು 31 ಮಂದಿ ಅಸುನೀಗಿದರು. ಆ ಸಿಗ್ನಲ್‌ನ ಎಚ್ಚರಿಕೆಗೂ ಚಾಲಕ ಗುಂಡಿ ಒತ್ತಿದ್ದನು. ಸಿಗ್ನಲ್ ಸರಿಯಾಗಿ ಕಾಣದಂತಿದ್ದುದನ್ನೂ ತರಬೇತಿಯ ಕೊರತೆಯನ್ನೂ ಲಾರ್ಡ್ ಕಲೆನ್ ಅವರ ವಿಚಾರಣೆ ಎತ್ತಿ ತೋರಿಸಿತು.

2003ರ ಅಂತ್ಯದ ವೇಳೆಗೆ ಅಳವಡಿಕೆ ಪೂರ್ಣಗೊಂಡ ಟಿಪಿಡಬ್ಲ್ಯುಎಸ್ ವ್ಯವಸ್ಥೆ, ರೈಲು ಕೆಂಪು ಸಿಗ್ನಲ್ ದಾಟಿದರೆ ಅಥವಾ ಅತಿವೇಗದಿಂದ ಅದನ್ನು ಸಮೀಪಿಸಿದರೆ ಚಾಲಕನನ್ನು ಕೇಳದೆ ಬ್ರೇಕ್ ಹಾಕುತ್ತದೆ. ಇದರಿಂದ ಅಪಾಯ ಗಣನೀಯವಾಗಿ ತಗ್ಗಿತು. ಆದರೆ ಕೊನೆಯ ನಿಲ್ದಾಣಗಳಲ್ಲಿ ಹಳಿ ಮುಗಿಯುವೆಡೆ ಗಂಟೆಗೆ ಸುಮಾರು 20 ಕಿ.ಮೀ. ಮೀರಿದರೂ ಬ್ರೇಕ್ ಬೀಳುವುದರಿಂದ, ಚಾಲಕರು ಅದಕ್ಕಿಂತಲೂ ನಿಧಾನವಾಗಿ ತೆವಳುವಂತಾಯಿತು. ರೈಲು ಹತೋಟಿಯಲ್ಲಿದ್ದಾಗಲೂ ವೇಗಮಿತಿಯ ತಾಣಗಳಲ್ಲಿ ಬ್ರೇಕ್ ಬಿದ್ದದ್ದುಂಟು. ಪ್ರತಿ ಬಾರಿಯೂ ರೈಲು ಪೂರ್ತಿ ನಿಲ್ಲಬೇಕು, ಸಿಗ್ನಲ್ ಸಿಬ್ಬಂದಿಗೆ ತಿಳಿಸಬೇಕು, ವಿವರಣೆ ನೀಡಬೇಕು.

ಹೋಗುವುದು ವೇಳೆಯೊಂದೇ ಅಲ್ಲ, ಸಾಧನದ ಮೇಲಿನ ನಂಬಿಕೆಯೂ ಹೋಗುತ್ತದೆ. ಕೆಂಪು ಸಿಗ್ನಲ್ ದಾಟಿದ್ದಕ್ಕೇ ಬ್ರೇಕ್ ಬಿದ್ದಿದ್ದರೂ, ಸಾಧನದ ದೋಷವಿರಬೇಕೆಂದು ಭಾವಿಸಿ ಅದನ್ನು ಮೊದಲಿನ ಸ್ಥಿತಿಗೆ ತಂದು ಮುಂದೆ ಸಾಗಿದ ಪ್ರಕರಣಗಳು ಅಲ್ಲಿ ವರದಿಯಾಗಿವೆ. ಅಕಾರಣವಾಗಿ ಬಿದ್ದ ಬ್ರೇಕಿನ ನಿಜವಾದ ಬೆಲೆ ಇದೇ.

ಈ ಪಾಠ ನಮ್ಮ ರಾಜ್ಯಕ್ಕೂ ಸಂಬಂಧಿಸಿದ್ದು. ಭಾರತೀಯ ರೈಲ್ವೆಯ 'ಕವಚ್' ವ್ಯವಸ್ಥೆಯ ಆರಂಭಿಕ ಪ್ರಯೋಗಗಳು ನಡೆದ ಮಾರ್ಗಗಳಲ್ಲಿ ವಿಕಾರಾಬಾದ್–ವಾಡಿ ಮತ್ತು ವಿಕಾರಾಬಾದ್–ಬೀದರ್ ಸೇರಿದ್ದವು. ಸಿಮೆಂಟ್ ಉದ್ಯಮಕ್ಕೆ ಹೆಸರಾದ ವಾಡಿಯ ಸರಕಿಗೆ ಈ ಹಳಿಗಳೇ ಆಧಾರ. ಮುಂದಿನ ಸಿಗ್ನಲ್‌ನ ಸ್ಥಿತಿಯನ್ನೂ ಅನುಮತಿಸಿದ ವೇಗವನ್ನೂ ಕವಚ್ ಎಂಜಿನ್ನಿನೊಳಗೇ ತೋರಿಸುತ್ತದೆ. ಎಲ್ಲಕ್ಕೂ ಒಂದೇ ಹಾರ್ನ್ ಎಂಬ ಹಳೆಯ ಕೊರತೆ ಇಲ್ಲಿಲ್ಲ. ಆದರೂ ತುಂಬಿದ ಗೂಡ್ಸ್ ರೈಲು ನಿಲ್ಲಲು ಬೇಕಾದ ದೂರ ಬೇರೆ, ಖಾಲಿ ರೈಲಿನದು ಬೇರೆ. ಬ್ರೇಕ್ ಎಲ್ಲಿ, ಏಕೆ ಬಿತ್ತೆಂಬ ಚಾಲಕರ ವರದಿಯನ್ನು ತಪ್ಪೊಪ್ಪಿಗೆಯಂತೆ ಕಾಣದೆ, ಸಾಧನವನ್ನು ತಿದ್ದುವ ಮಾಹಿತಿಯೆಂದು ಸ್ವೀಕರಿಸಿದರೆ ಸುರಕ್ಷತೆ, ಸಮಯಪಾಲನೆ ಎರಡೂ ಉಳಿಯುತ್ತವೆ.